ಬಾಟಲಿಯೊಳಗಿನ ಕಡಲು: ಪರ್ಫ್ಯೂಮ್‌ಗಳಿಗೆ ಸಮುದ್ರದ ಪರಿಮಳ ಬರುವುದು ಎಲ್ಲಿಂದ?

ಮಾಲ್‌ನಲ್ಲಿರುವ ಪರ್ಫ್ಯೂಮ್ ಅಂಗಡಿಗೆ ಹೋಗಿ ನೋಡಿ, ಇಲ್ಲವೇ ಯಾವುದಾದರೂ ಆನ್‌ಲೈನ್ ಮಳಿಗೆ ತೆರೆದು ನೋಡಿ. ನೀಲಿ ಬಾಟಲಿ, ಅದರ ಮೇಲೆ ಅಲೆಯ ಚಿತ್ರ, ಹೆಸರಿನಲ್ಲಿ 'ಓಷನ್', 'ಆಕ್ವಾ', 'ಮರೀನ್' ಅಥವಾ 'ಸೀ ಸಾಲ್ಟ್'. ಕಡಿಮೆ ಬೆಲೆಯ ಡಿಯೋಡರೆಂಟ್‌ನಿಂದ ಹಿಡಿದು ಸಾವಿರಾರು ರೂಪಾಯಿಯ ವಿದೇಶಿ ಸೆಂಟ್‌ವರೆಗೆ, ಬಟ್ಟೆ ಒಗೆಯುವ ಪುಡಿಯಿಂದ ಬಾತ್‌ರೂಮ್ ಫ್ರೆಶ್ನರ್‌ವರೆಗೆ ಎಲ್ಲೆಲ್ಲೂ ಸಮುದ್ರವೇ.

ಆದರೆ ಆ ಬಾಟಲಿಯಲ್ಲಿ ಸಮುದ್ರದ ಒಂದು ಹನಿಯೂ ಇರುವುದಿಲ್ಲ. ಮಲ್ಲಿಗೆಯಿಂದ ಅತ್ತರು, ಗಂಧದ ಕೊರಡಿನಿಂದ ಗಂಧದೆಣ್ಣೆ ತೆಗೆಯಬಹುದು. ಸಮುದ್ರದ ನೀರಿನಿಂದ ಹಾಗೆ ಸುಗಂಧ ತೆಗೆಯಲು ಬರುವುದಿಲ್ಲ. ನಾವು ಇಂದು 'ಸಮುದ್ರದ ಪರಿಮಳ' ಎಂದು ಗುರುತಿಸುವುದು ಬಹುಮಟ್ಟಿಗೆ ಪ್ರಯೋಗಾಲಯದಲ್ಲಿ ಹುಟ್ಟಿದ ವಾಸನೆ. ಅದಕ್ಕಿನ್ನೂ ಒಂದು ಶತಮಾನವೂ ತುಂಬಿಲ್ಲ.

ಹಾಗಾದರೆ ಅದನ್ನು ಮಾಡುವುದು ಹೇಗೆ? ನಿಜವಾದ ಕಡಲಿಗೂ ಅದಕ್ಕೂ ಏನು ಸಂಬಂಧ? ಆಗಾಗ ಸುದ್ದಿಯಾಗುವ 'ತಿಮಿಂಗಿಲ ವಾಂತಿ'ಗೂ ಇದಕ್ಕೂ ಏನು ನಂಟು? ಕೊಳ್ಳುವಾಗ ಏನನ್ನು ನೋಡಬೇಕು? ಇಲ್ಲಿದೆ ಪೂರ್ಣ ಮಾಹಿತಿ.

ಮೊದಲಿಗೆ, 'ನೋಟ್' ಎಂದರೇನು?

ಸಂಗೀತದಲ್ಲಿ ಸ್ವರ ಇರುವಂತೆ ಸುಗಂಧದಲ್ಲಿ 'ನೋಟ್' ಇರುತ್ತದೆ. ಒಂದು ಪರ್ಫ್ಯೂಮ್‌ನಲ್ಲಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಪದಾರ್ಥಗಳಿರಬಹುದು. ಅವೆಲ್ಲ ಒಟ್ಟಿಗೆ ಆರುವುದಿಲ್ಲ. ಹಗುರವಾದವು ಬೇಗ ಆವಿಯಾಗುತ್ತವೆ, ಭಾರವಾದವು ಚರ್ಮದ ಮೇಲೆ ಉಳಿಯುತ್ತವೆ.

ಹಾಕಿಕೊಂಡ ತಕ್ಷಣ ಮೂಗಿಗೆ ಬಡಿಯುವುದು 'ಟಾಪ್ ನೋಟ್'. ನಿಂಬೆ, ಕಿತ್ತಳೆ, ಬರ್ಗಮಾಟ್ ಮುಂತಾದವು ಈ ಗುಂಪಿನವು. ಹತ್ತು-ಹದಿನೈದು ನಿಮಿಷ ಕಳೆದ ಮೇಲೆ ಮುಂದೆ ಬರುವುದು 'ಹಾರ್ಟ್ ನೋಟ್', ಅಂದರೆ ಹೂವು, ಮಸಾಲೆಗಳ ಘಮ. ಸಂಜೆಯವರೆಗೂ ಅಂಗಿಗೆ ಅಂಟಿಕೊಂಡಿರುವುದು 'ಬೇಸ್ ನೋಟ್', ಅಂದರೆ ಗಂಧ, ಲಾವಂಚ, ಕಸ್ತೂರಿಯಂಥ ಪರಿಮಳ.

'ಮರೀನ್ ನೋಟ್' ಎಂಬುದು ಒಂದೇ ಪದಾರ್ಥದ ಹೆಸರಲ್ಲ. ಮೂಗಿಗೆ ಕಡಲಗಾಳಿ, ಉಪ್ಪು, ಒದ್ದೆ ಮರಳು, ಪಾಚಿ ನೆನಪಾಗುವಂತೆ ಹಲವು ಪದಾರ್ಥಗಳನ್ನು ಸೇರಿಸಿ ಮಾಡಿದ ಒಟ್ಟು ಪರಿಣಾಮಕ್ಕೆ ಹಾಗೆ ಕರೆಯುತ್ತಾರೆ. 'ಅಕ್ವಾಟಿಕ್', 'ಓಜೋನಿಕ್' ಎಂಬ ಹೆಸರುಗಳೂ ಇದರ ಸಮೀಪದ ಬಂಧುಗಳೇ.

ನಿಜವಾದ ಕಡಲಿನ ವಾಸನೆ ಯಾವುದು?

'ಉಪ್ಪಿನ ವಾಸನೆ' ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಅಡುಗೆಮನೆಯ ಉಪ್ಪಿನ ಡಬ್ಬಿಗೆ ಮೂಗು ಹಿಡಿದು ನೋಡಿ, ಏನೂ ಬರುವುದಿಲ್ಲ. ಉಪ್ಪು ಆವಿಯಾಗಿ ಮೂಗು ತಲುಪುವ ವಸ್ತುವಲ್ಲ. ಕಡಲ ದಡದಲ್ಲಿ ನಮಗೆ ಸಿಗುವ ವಾಸನೆ ಉಪ್ಪಿನದಲ್ಲ, ನೀರಿನಲ್ಲಿ ಬದುಕಿ ಸಾಯುವ ಜೀವಿಗಳದ್ದು.

ಇದರಲ್ಲಿ ಮುಖ್ಯವಾದದ್ದು ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಅನಿಲ. ಸಮುದ್ರದ ಮೇಲ್ಪದರದಲ್ಲಿ ತೇಲುವ ಕಣ್ಣಿಗೆ ಕಾಣದ ಸಸ್ಯ ಪ್ಲವಕಗಳು ತಮ್ಮ ದೇಹದಲ್ಲಿ ಒಂದು ಗಂಧಕಯುಕ್ತ ವಸ್ತುವನ್ನು ಕೂಡಿಟ್ಟುಕೊಂಡಿರುತ್ತವೆ. ಅವು ಸತ್ತಾಗ ಅಥವಾ ಬೇರೆ ಜೀವಿಗಳಿಗೆ ಆಹಾರವಾದಾಗ ಆ ವಸ್ತು ನೀರಿಗೆ ಸೇರುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಈ ಅನಿಲ ಹೊರಬರುತ್ತದೆ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಆಂಡ್ರ್ಯೂ ಜಾನ್‌ಸ್ಟನ್ ಅವರ ತಂಡ ನಾರ್ಫೋಕ್ ಕರಾವಳಿಯ ಕೆಸರಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಲ್ಲಿ ಈ ಕೆಲಸ ಮಾಡುವ ಜೀನ್ ಒಂದನ್ನು ಗುರುತಿಸಿ 2007ರಲ್ಲಿ ಪ್ರಕಟಿಸಿತು.

ಈ ಅನಿಲ ನಮಗೆ ಹೊಸದೇನಲ್ಲ. ಎಲೆಕೋಸು, ಮೆಕ್ಕೆಜೋಳ ಬೇಯುವಾಗ ಬರುವ ವಾಸನೆಯಲ್ಲೂ ಇದರ ಪಾಲಿದೆ. ಸ್ವಲ್ಪವಿದ್ದರೆ ಕಡಲಗಾಳಿ, ಜಾಸ್ತಿಯಾದರೆ ಕೊಳೆತ ತರಕಾರಿ. ಗಾಳಿಗೆ ಸೇರಿದ ಮೇಲೆ ಇದು ಮೋಡದ ಹನಿಗಳು ಕಟ್ಟಲು ನೆರವಾಗುವ ಸಣ್ಣ ಕಣಗಳಾಗಿಯೂ ಬದಲಾಗುತ್ತದೆ. ಕೆಲವು ಕಡಲಹಕ್ಕಿಗಳು ಇದೇ ವಾಸನೆಯ ಜಾಡು ಹಿಡಿದು ಆಹಾರ ಇರುವ ಜಾಗ ಪತ್ತೆ ಮಾಡುತ್ತವೆ.

ಎರಡನೆಯದು ಬ್ರೋಮೋಫಿನಾಲ್‌ಗಳು. ಪಾಚಿ ಮತ್ತು ಕಡಲ ಹುಳುಗಳಲ್ಲಿ ಇರುವ ಇವು ಆಹಾರದ ಮೂಲಕ ಮೀನು, ಸಿಗಡಿಗಳನ್ನು ಸೇರುತ್ತವೆ. ಬಂಗುಡೆ, ಸಿಗಡಿಗೆ ಇರುವ 'ಕಡಲ ರುಚಿ' ಕೆರೆ ಮೀನಿಗೆ ಇಲ್ಲದಿರಲು ಇದೊಂದು ಕಾರಣ. ಕೆರೆ ಮೀನಿನ ಮಣ್ಣು ವಾಸನೆಗೆ ಕಾರಣವಾಗುವ ಜಿಯೋಸ್ಮಿನ್ ಬೇರೆಯೇ ವಸ್ತು. ಮೊದಲ ಮಳೆಗೆ ನೆಲದಿಂದ ಏಳುವ ಘಮಕ್ಕೂ ಅದೇ ಕಾರಣ.

ಮೂರನೆಯದು ಕಂದು ಪಾಚಿಗಳು ಸಂತಾನೋತ್ಪತ್ತಿಗಾಗಿ ನೀರಿಗೆ ಬಿಡುವ ರಾಸಾಯನಿಕಗಳು. ಹೆಣ್ಣು ಕೋಶಗಳು ಗಂಡು ಕೋಶಗಳನ್ನು ಸೆಳೆಯಲು ಬಿಡುವ ಸಂಕೇತಗಳಿವು. ದಡಕ್ಕೆ ಬಂದು ಬಿದ್ದ ಪಾಚಿಯ ರಾಶಿಯ ಬಳಿ ಬರುವ ವಾಸನೆಯಲ್ಲಿ ಇವೂ ಇರುತ್ತವೆ.

ಇನ್ನೊಂದು ಕುತೂಹಲದ ಸಂಗತಿ. ಆಗಷ್ಟೇ ನೀರಿನಿಂದ ತೆಗೆದ ಕೆಲವು ಜಾತಿಯ ಮೀನುಗಳಿಗೆ ಸೌತೆಕಾಯಿಯ, ಕರಬೂಜದ ವಾಸನೆ ಇರುತ್ತದೆ. ಸೌತೆಕಾಯಿಯಲ್ಲಿರುವ ಆಲ್ಡಿಹೈಡ್‌ಗಳ ಜಾತಿಯವೇ ತಾಜಾ ಮೀನಿನಲ್ಲೂ ಹುಟ್ಟುವುದು ಇದಕ್ಕೆ ಕಾರಣ. ನಾವು 'ಮೀನಿನ ನಾತ' ಎನ್ನುವುದು ಮುಖ್ಯವಾಗಿ ಟ್ರೈಮೀಥೈಲ್ ಅಮೀನ್‌ನಿಂದ ಬರುವಂಥದ್ದು. ಅದು ಮೀನು ಹಳತಾದ ಮೇಲಿನ ಮಾತು. ಈ ಸೌತೆಕಾಯಿ-ಕರಬೂಜದ ನಂಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಮುದ್ರವನ್ನು ಬಟ್ಟಿ ಇಳಿಸಲು ಏಕೆ ಆಗುವುದಿಲ್ಲ?

ಗುಲಾಬಿ, ಮಲ್ಲಿಗೆ, ಲಾವಂಚಗಳಲ್ಲಿ ಪರಿಮಳದ ಎಣ್ಣೆ ಇರುತ್ತದೆ. ಹಬೆ ಹಾಯಿಸಿಯೋ ದ್ರಾವಕದಲ್ಲಿ ನೆನೆಸಿಯೋ ಅದನ್ನು ಬೇರ್ಪಡಿಸಬಹುದು. ಉತ್ತರ ಪ್ರದೇಶದ ಕನ್ನೌಜ್‌ನಲ್ಲಿ ಒಣಮಣ್ಣನ್ನೇ ಬಟ್ಟಿ ಇಳಿಸಿ, ಮೊದಲ ಮಳೆಯ ಘಮದ 'ಮಿಟ್ಟಿ ಅತ್ತರು' ಮಾಡುತ್ತಾರೆ. ಅದರ ಆವಿಯನ್ನು ಹಿಡಿದಿಡಲು ಸಾಂಪ್ರದಾಯಿಕವಾಗಿ ಬಳಸುವುದು ಗಂಧದೆಣ್ಣೆ.

ಸಮುದ್ರದ ನೀರಿನಲ್ಲಿ ಹಾಗೆ ತೆಗೆದಿಡುವಷ್ಟು ಎಣ್ಣೆ ಇಲ್ಲ. ಅದರ ವಾಸನೆ ಕೊಡುವ ಅನಿಲಗಳು ಅತ್ಯಲ್ಪ ಪ್ರಮಾಣದಲ್ಲಿದ್ದು ಕ್ಷಣದಲ್ಲಿ ಹಾರಿಹೋಗುತ್ತವೆ. ಅವನ್ನೇ ಒಟ್ಟುಗೂಡಿಸಿ ಬಾಟಲಿಗೆ ತುಂಬಿದರೆ ಸಿಗುವುದು ಕಡಲ ತೀರವಲ್ಲ, ಬೆಂದ ಎಲೆಕೋಸು. ಹಾಗಾಗಿ ಸುಗಂಧ ತಯಾರಕರು ಸಮುದ್ರವನ್ನು ಹಿಂಡುವ ಬದಲು ಅದರ ನೆನಪನ್ನು ಕಟ್ಟುವ ದಾರಿ ಹಿಡಿದರು.

ಈ ಪ್ರಯತ್ನದ ಬೇರು ಹಳೆಯದು. 1921ರ 'ಶನೆಲ್ ನಂ. 5' ಮಾಡಿದ ಅರ್ನೆಸ್ಟ್ ಬೋ, ಉತ್ತರ ಧ್ರುವ ವಲಯದ ಸರೋವರಗಳಿಂದ ಏಳುತ್ತಿದ್ದ ತಾಜಾತನ ತನಗೆ ಪ್ರೇರಣೆಯಾಯಿತೆಂದು ಹೇಳಿಕೊಂಡಿದ್ದರು. ಆದರೆ ಅವರ ಕೈಯಲ್ಲಿದ್ದ ಆಲ್ಡಿಹೈಡ್‌ಗಳು ಸೋಪು, ಮೇಣದ ಕಡೆಗೆ ವಾಲುವಂಥವು. ಮೂಗಿಗೆ ನೇರವಾಗಿ 'ಇದು ಕಡಲು' ಎನ್ನುವ ವಸ್ತು ಸಿಗಲು ಇನ್ನೂ 4 ದಶಕ ಬೇಕಾಯಿತು.

1966: ಔಷಧ ಕಂಪನಿಯಲ್ಲಿ ಹುಟ್ಟಿದ ಕಡಲು

ಆ ವಸ್ತುವಿನ ಹೆಸರು ಕ್ಯಾಲೋನ್. 1966ರಲ್ಲಿ ಇದನ್ನು ಕಂಡುಹಿಡಿದದ್ದು ಅಮೆರಿಕದ ಔಷಧ ಕಂಪನಿ ಫೈಜರ್. ಫೈಜರ್ ಒಡೆತನಕ್ಕೆ ಬಂದಿದ್ದ 'ಕ್ಯಾಮಿಲ್ಲಿ, ಆಲ್ಬರ್ಟ್ ಅಂಡ್ ಲಾಲೂ' ಎಂಬ ಫ್ರೆಂಚ್ ಸುಗಂಧ ಸಂಸ್ಥೆಯ ಮೊದಲಕ್ಷರಗಳಿಂದ ಈ ಹೆಸರು ಬಂತು. 'ವಾಟರ್‌ಮೆಲನ್ ಕೀಟೋನ್' ಎಂಬುದು ಇದರ ಅಡ್ಡಹೆಸರು.

ಕ್ಯಾಲೋನ್ ಮೂಸಿದರೆ ಮೊದಲು ನೆನಪಾಗುವುದು ಕಲ್ಲಂಗಡಿ, ಕರಬೂಜ. ಅದರ ಹಿಂದೆಯೇ ತಣ್ಣನೆಯ ಕಡಲಗಾಳಿ, ಆಗಷ್ಟೇ ಬಾಯಿಬಿಡಿಸಿದ ಸಿಂಪಿಯ ವಾಸನೆ. ತಾಜಾ ಮೀನಿಗೂ ಕರಬೂಜಕ್ಕೂ ಇರುವ ನಂಟು ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೇ ವಾಸನೆ ಹಣ್ಣನ್ನೂ ಕಡಲನ್ನೂ ಒಟ್ಟಿಗೆ ನೆನಪಿಸುತ್ತದೆ.

ಕ್ಯಾಲೋನ್ ಅಣುವಿನಲ್ಲಿ 7 ಪರಮಾಣುಗಳ ಒಂದು ಉಂಗುರವಿದೆ. ಕಂದು ಪಾಚಿಗಳು ನೀರಿಗೆ ಬಿಡುವ ಎಕ್ಟೋಕಾರ್ಪೀನ್ ಎಂಬ ರಾಸಾಯನಿಕದಲ್ಲೂ 7ರ ಉಂಗುರವೇ ಇದೆ. ಎರಡೂ ಒಂದೇ ವಸ್ತುವಲ್ಲ, ಆದರೆ ಈ ಹೋಲಿಕೆ ರಸಾಯನಶಾಸ್ತ್ರಜ್ಞರ ಗಮನ ಸೆಳೆದಿದೆ.

ಇದರ ಇನ್ನೆರಡು ಗುಣಗಳು ಮುಖ್ಯ. ಒಂದು, ಬಹಳ ಕಡಿಮೆ ಪ್ರಮಾಣ ಸಾಕು. ಎರಡು, ನಿಂಬೆ-ಕಿತ್ತಳೆಯ ತಾಜಾತನ ನಿಮಿಷಗಳಲ್ಲಿ ಹಾರಿಹೋದರೆ ಕ್ಯಾಲೋನ್ ಗಂಟೆಗಟ್ಟಲೆ ನಿಲ್ಲುತ್ತದೆ. 'ತಾಜಾ' ಎನಿಸುವ ಪರಿಮಳ ಇಡೀ ದಿನ ಉಳಿಯುವಂತೆ ಮಾಡಲು ಇದರಿಂದ ಸಾಧ್ಯವಾಯಿತು.

ಎರಡು ದಶಕದ ಮೌನ, ನಂತರ ಅಲೆ

ಕಂಡುಹಿಡಿದ ಕೂಡಲೇ ಕ್ಯಾಲೋನ್ ಜನಪ್ರಿಯವಾಗಲಿಲ್ಲ. ಸುಮಾರು ಎರಡು ದಶಕ ಅದನ್ನು ಬೇರೆ ಪರಿಮಳಗಳ ನಡುವೆ ಚಿಟಿಕೆಯಷ್ಟು ಬಳಸುತ್ತಿದ್ದರು. ಚಿತ್ರ ಬದಲಾದದ್ದು 1980ರ ದಶಕದ ಕೊನೆಯಲ್ಲಿ. ಆ ಅಲೆಯ ಮುಖ್ಯ ಹೆಸರುಗಳು ಹೀಗಿವೆ:

* 1988: ಅರಾಮಿಸ್ ಕಂಪನಿಯ 'ನ್ಯೂ ವೆಸ್ಟ್'. ಕ್ಯಾಲಿಫೋರ್ನಿಯಾದ ಕಡಲತೀರ ಇದರ ವಸ್ತು. ಕ್ಯಾಲೋನ್ ಎದ್ದು ಕಾಣುವಂತೆ ಬಳಸಿದ ಮೊದಲಿಗರಲ್ಲಿ ಇದೂ ಒಂದು.
* 1988: ಪಿಯೆರ್ ಬೂರ್ದೊನ್ ಮಾಡಿದ ಡೇವಿಡಾಫ್ 'ಕೂಲ್ ವಾಟರ್'. ಇದರ ತಣ್ಣನೆಯ ಅನುಭವಕ್ಕೆ ಮುಖ್ಯ ಕಾರಣ ಡೈಹೈಡ್ರೋಮಿರ್ಸೆನಾಲ್ ಎಂಬ ಇನ್ನೊಂದು ಕೃತಕ ವಸ್ತು. ಪುದೀನ, ಲ್ಯಾವೆಂಡರ್ ಜತೆಗೂಡಿ ಅದು 'ನೀಲಿ' ಪರಿಮಳಕ್ಕೆ ದಾರಿ ಮಾಡಿತು.
* 1991: 'ಕೆಂಜೊ ಪೂರ್ ಓಮ್'. ಪುರುಷರ ಸುಗಂಧದಲ್ಲಿ ಕಡಲಿನ ಉಪ್ಪು-ಪಾಚಿಯ ಕಡೆಗೆ ಹೆಚ್ಚು ವಾಲಿದ್ದು.
* 1992: ಜಾಕ್ ಕವಾಲ್ಯೆ ಮಾಡಿದ 'ಲೋ ದಿಸೆ'. ನೀರಿನಷ್ಟು ತಿಳಿಯಾದ ಪರಿಮಳ ಬೇಕೆಂಬುದು ಜಪಾನಿ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆ ಅವರ ಆಸೆಯಾಗಿತ್ತು.
* 1996: ಜಾರ್ಜಿಯೊ ಅರ್ಮಾನಿಯ ಪುರುಷರ 'ಅಕ್ವಾ ದಿ ಜೋ'. ಇಟಲಿಯ ಪ್ಯಾಂಟೆಲೆರಿಯಾ ದ್ವೀಪ ಇದಕ್ಕೆ ಪ್ರೇರಣೆ. ಇಂದಿಗೂ ಜಗತ್ತಿನಾದ್ಯಂತ ಮಾರಾಟವಾಗುವ ಹೆಸರು.

ಇದಕ್ಕೂ ಮುಂಚಿನ ಫ್ಯಾಷನ್ ಗಾಢ ಪರಿಮಳದ್ದು. 1980ರ ದಶಕದ ಹೆಸರಾಂತ ಸೆಂಟ್‌ಗಳು ಒಬ್ಬರು ಲಿಫ್ಟ್‌ನಿಂದ ಇಳಿದ ಮೇಲೂ ಒಳಗೆ ಉಳಿಯುವಷ್ಟು ಜೋರಾಗಿದ್ದವು. ಅದರ ಎದುರಿಗೆ 'ಈಗಷ್ಟೇ ಸ್ನಾನ ಮಾಡಿ ಬಂದ' ಅನುಭವ ಕೊಡುವ ಪರಿಮಳ ಹೊಸ ಪೀಳಿಗೆಗೆ ಇಷ್ಟವಾಯಿತು.

ಸೋಪಿನ ಪುಡಿಗೂ ಕಡಲಿಗೂ ಏನು ಸಂಬಂಧ?

ಡೈಹೈಡ್ರೋಮಿರ್ಸೆನಾಲ್ ಸೋಪು, ಡಿಟರ್ಜೆಂಟ್‌ಗಳ ಲೋಕದಲ್ಲಿ ಹಳೆಯ ಪರಿಚಿತ. ಅಗ್ಗ, ಕ್ಷಾರಕ್ಕೆ ಹೆದರುವುದಿಲ್ಲ, ನಿಂಬೆಯಂತೆ ಶುಭ್ರ. ಅದೇ ವಸ್ತು ದುಬಾರಿ ಪರ್ಫ್ಯೂಮ್‌ಗೆ ಬಂದಾಗ ಜನರ ಮೂಗು ಅದನ್ನು ಆಗಲೇ 'ಶುಚಿ' ಎಂದು ಕಲಿತಿತ್ತು.

ಆಮೇಲೆ ಚಕ್ರ ತಿರುಗಿತು. ಪರ್ಫ್ಯೂಮ್‌ನ ಸಮುದ್ರದ ಪರಿಮಳ ಗೆದ್ದ ಮೇಲೆ ಶಾಂಪೂ, ಶೇವಿಂಗ್ ಫೋಮ್, ಫ್ಲೋರ್ ಕ್ಲೀನರ್‌ಗಳು ಅದನ್ನೇ ನಕಲು ಮಾಡಿದವು. ಇಂದು ಹಲವರಿಗೆ 'ಓಷನ್ ಫ್ರೆಶ್' ಎಂದರೆ ನೆನಪಾಗುವುದು ಕಡಲಲ್ಲ, ತೊಳೆದ ಬಾತ್‌ರೂಮ್. ದುಬಾರಿ ಬಾಟಲಿ ಕೊಂಡು ಮನೆಗೆ ತಂದಾಗ 'ಇದು ಟಾಯ್ಲೆಟ್ ಫ್ರೆಶ್ನರ್ ಥರ ಇದೆಯಲ್ಲ' ಎಂದು ಮನೆಯವರು ಹೇಳಿದರೆ ಅವರ ಮೂಗಿನ ತಪ್ಪಲ್ಲ. ಎರಡರಲ್ಲೂ ಅದೇ ಜಾತಿಯ ಪದಾರ್ಥಗಳಿರುವ ಸಾಧ್ಯತೆ ಹೆಚ್ಚು.

ಹೊಸ ಕಡಲು: ಉಪ್ಪು, ಪಾಚಿ, ಒದ್ದೆ ಮರ

ಕಲ್ಲಂಗಡಿಯ ಸಿಹಿ ಸಾಕೆನಿಸಿದ ಮೇಲೆ ತಯಾರಕರು ಉಪ್ಪಿನ ಕಡೆಗೆ ಹೊರಳಿದರು. 2008ರ ಹೀಲಿ ಕಂಪನಿಯ 'ಸೆಲ್ ಮರಾನ್', 2014ರಲ್ಲಿ ಕ್ರಿಸ್ಟೀನ್ ನಾಜೆಲ್ ಮಾಡಿದ ಜೋ ಮಲೋನ್ 'ವುಡ್ ಸೇಜ್ ಅಂಡ್ ಸೀ ಸಾಲ್ಟ್' ಈ ಬಗೆಯವು. ಇವುಗಳಲ್ಲಿ ಹಣ್ಣಿಗಿಂತ ಒಣಗಿದ ಮರ, ಗಿಡಮೂಲಿಕೆ, ಬಂಡೆಯ ಅನುಭವ ಹೆಚ್ಚು.

ಉಪ್ಪಿಗೆ ವಾಸನೆಯೇ ಇಲ್ಲವಲ್ಲ, ಮತ್ತೆ 'ಸೀ ಸಾಲ್ಟ್' ಹೇಗೆ? ಪಾಚಿಯ ಸಾರ, ಖನಿಜದಂತೆ ತೋರುವ ಕೃತಕ ಪದಾರ್ಥಗಳು, ಆಂಬ್ರಾಕ್ಸನ್‌ನಂಥ ಒಣ ಬೇಸ್ ನೋಟ್‌ಗಳನ್ನು ಸೇರಿಸಿ ಮೆದುಳಿಗೆ 'ಉಪ್ಪು' ಎಂಬ ಭಾವನೆ ತರಿಸುತ್ತಾರೆ. ಬಾಟಲಿಯ ಮೇಲಿನ ಹೆಸರೂ ಅರ್ಧ ಕೆಲಸ ಮಾಡುತ್ತದೆ. ಹೆಸರು ಮುಚ್ಚಿಟ್ಟು ಮೂಸಿದರೆ ಅದೇ ಪರಿಮಳ ಬೇರೇನನ್ನೋ ನೆನಪಿಸಬಹುದು.

ನಿಜಕ್ಕೂ ಕಡಲಿನಿಂದ ಬರುವ ಪದಾರ್ಥಗಳು

ಎಲ್ಲವೂ ಕೃತಕವೇ ಎಂದಲ್ಲ. ಕಡಲಿನಿಂದಲೇ ಬರುವ ಮೂರು ಪದಾರ್ಥಗಳು ಸುಗಂಧ ಲೋಕದಲ್ಲಿವೆ.

ಪಾಚಿಯ ಸಾರ: ಯುರೋಪಿನ ತೀರಗಳಲ್ಲಿ ಬೆಳೆಯುವ ಫ್ಯೂಕಸ್ ಎಂಬ ಕಂದು ಪಾಚಿಯನ್ನು ದ್ರಾವಕದಲ್ಲಿ ನೆನೆಸಿ ಗಾಢ ಹಸಿರು ಬಣ್ಣದ ಸಾರ ತೆಗೆಯುತ್ತಾರೆ. ವಾಸನೆ ಬಲು ಜೋರು. ಒಣಹುಲ್ಲು, ಅಯೋಡಿನ್, ಮೀನುಬಲೆ ಎಲ್ಲ ಒಟ್ಟಿಗೆ ನೆನಪಾಗುತ್ತವೆ. ಹಾಗಾಗಿ ಬಳಸುವುದು ತೊಟ್ಟಿನಷ್ಟು.

ನಖ: ಇದು ನಮ್ಮದೇ ನೆಲದ ಪದಾರ್ಥ. ಕೆಲವು ಕಡಲ ಶಂಖಗಳ ಬಾಯಿ ಮುಚ್ಚುವ ಬಿಲ್ಲೆ ಉಗುರಿನಂತೆ ಕಾಣುವುದರಿಂದ ಸಂಸ್ಕೃತದಲ್ಲಿ 'ನಖ' ಎಂಬ ಹೆಸರು. 6ನೇ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಸುಗಂಧ ತಯಾರಿಕೆಗೆ ಮೀಸಲಾದ 'ಗಂಧಯುಕ್ತಿ' ಎಂಬ ಅಧ್ಯಾಯವೇ ಇದ್ದು, ಅಲ್ಲಿ ನಖದ ಪ್ರಸ್ತಾಪ ಬರುತ್ತದೆ. ಇಂದಿಗೂ ಭಾರತದಲ್ಲಿ ಕಡಲ ಚಿಪ್ಪುಗಳನ್ನು ಮುಚ್ಚಿದ ಮಡಕೆಯಲ್ಲಿ ಹುರಿದು, ಅದರ ಹೊಗೆಯಂಥ ಆವಿಯನ್ನು ಹಿಡಿದು 'ಚೋಯಾ ನಖ್' ಎಂಬ ಎಣ್ಣೆ ಮಾಡುತ್ತಾರೆ. ಸುಟ್ಟ ಚಿಪ್ಪು, ಹೊಗೆ, ಡಾಂಬರು, ಉಪ್ಪುಗಾಳಿ ಬೆರೆತ ವಾಸನೆ ಅದರದ್ದು. ಕ್ಯಾಲೋನ್ ಹುಟ್ಟುವ ನೂರಾರು ವರ್ಷ ಮೊದಲೇ ಇಲ್ಲಿ ಕಡಲಿನ ವಸ್ತು ಸುಗಂಧವಾಗಿತ್ತು ಎಂಬುದನ್ನು ಗಮನಿಸಬೇಕು.

ಅಂಬರ್‌ಗ್ರೀಸ್: ಮೂರನೆಯದೇ ಅತಿ ಹೆಚ್ಚು ಸುದ್ದಿಯಾಗುವಂಥದ್ದು.

'ತಿಮಿಂಗಿಲ ವಾಂತಿ': ಕೋಟಿಯ ಆಸೆ, ಜೈಲಿನ ದಾರಿ

'ತಿಮಿಂಗಿಲ ವಾಂತಿ ಮಾರಾಟ ಯತ್ನ, ಬಂಧನ' ಎಂಬ ಸುದ್ದಿಯನ್ನು ನೀವು ಓದಿಯೇ ಇರುತ್ತೀರಿ. ಬೆಂಗಳೂರು, ಮಂಗಳೂರು, ಮುಂಬೈ, ಚೆನ್ನೈ ಎಲ್ಲ ಕಡೆಯಿಂದಲೂ ಇಂಥ ಪ್ರಕರಣ ವರದಿಯಾಗಿವೆ.

ಅಸಲಿಗೆ ಇದು ವಾಂತಿ ಅಲ್ಲ ಎಂಬುದೇ ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಸ್ಪರ್ಮ್ ವೇಲ್ ಎಂಬ ಜಾತಿಯ ತಿಮಿಂಗಿಲಗಳ ಮುಖ್ಯ ಆಹಾರ ಸ್ಕ್ವಿಡ್. ಅದರ ಗಟ್ಟಿ ಕೊಕ್ಕು ಜೀರ್ಣವಾಗುವುದಿಲ್ಲ. ಕೆಲವೇ ಕೆಲವು ತಿಮಿಂಗಿಲಗಳ ಕರುಳಿನಲ್ಲಿ ಆ ಕೊಕ್ಕುಗಳ ಸುತ್ತ ಮೇಣದಂಥ ಗಡ್ಡೆ ಕಟ್ಟುತ್ತದೆ. ಹೊರಬಂದಾಗ ಅದು ಕಪ್ಪಗಿದ್ದು ಸಗಣಿಯಂತೆ ನಾರುತ್ತದೆ. ವರ್ಷಗಟ್ಟಲೆ ಬಿಸಿಲು, ಉಪ್ಪುನೀರಿನಲ್ಲಿ ತೇಲಿದ ಮೇಲೆ ಬೂದು-ಬಿಳಿ ಬಣ್ಣಕ್ಕೆ ತಿರುಗಿ, ಸಿಹಿಯಾದ ಕಡಲ ಪರಿಮಳ ಪಡೆಯುತ್ತದೆ.

ಅಂಬರ್‌ಗ್ರೀಸ್‌ನಲ್ಲಿರುವ ಆಂಬ್ರೀನ್ ಎಂಬ ವಸ್ತುವಿಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಅದು ಗಾಳಿ, ಬಿಸಿಲಿಗೆ ಒಡೆದಾಗ ಹುಟ್ಟುವ ಪದಾರ್ಥಗಳಲ್ಲಿ ಪರಿಮಳವಿದೆ. ಅವುಗಳಲ್ಲಿ ಮುಖ್ಯವಾದ ಒಂದನ್ನು ಕ್ಲೇರಿ ಸೇಜ್ ಎಂಬ ಗಿಡದಿಂದ ಸಿಗುವ ಸ್ಕ್ಲೇರಿಯಾಲ್ ಬಳಸಿ ಪ್ರಯೋಗಾಲಯದಲ್ಲಿ ಮಾಡುವ ವಿಧಾನ 1950ರ ದಶಕದ ಹೊತ್ತಿಗೇ ಸಿದ್ಧವಾಗಿತ್ತು. ಆಂಬ್ರಾಕ್ಸನ್, ಆಂಬ್ರಾಕ್ಸ್ ಮುಂತಾದ ಹೆಸರುಗಳಲ್ಲಿ ಮಾರಾಟವಾಗುವುದು ಅದೇ. 2015ರ ಡಿಯೋರ್ 'ಸೊವಾಜ್' ಸೇರಿದಂತೆ ಇಂದಿನ ಹಲವು ಜನಪ್ರಿಯ ಪರ್ಫ್ಯೂಮ್‌ಗಳ ಬೆನ್ನೆಲುಬು ಇದೇ. ಅಂದರೆ ಇಂದಿನ ಬಹುತೇಕ ಪರ್ಫ್ಯೂಮ್‌ಗಳಿಗೆ ತಿಮಿಂಗಿಲ ಬೇಕಾಗಿಯೇ ಇಲ್ಲ.

ಭಾರತದಲ್ಲಿ ಸ್ಪರ್ಮ್ ವೇಲ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ ಪ್ರಾಣಿ. ಅಂಬರ್‌ಗ್ರೀಸ್ ಇಟ್ಟುಕೊಂಡವರು, ಸಾಗಿಸಿದವರು, ಮಾರಿದವರ ಮೇಲೆ ಪೊಲೀಸರು ಮತ್ತು ಅರಣ್ಯ ಇಲಾಖೆ ಈ ಕಾಯ್ದೆಯಡಿ ಪ್ರಕರಣ ದಾಖಲಿಸುತ್ತಾರೆ. ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷದವರೆಗೆ ಜೈಲು ಶಿಕ್ಷೆ, ಜತೆಗೆ ದಂಡ ಇದೆ.

ಕೆಲವು ದೇಶಗಳಲ್ಲಿ ದಡದಲ್ಲಿ ಸಿಕ್ಕ ಅಂಬರ್‌ಗ್ರೀಸ್ ಮಾರಲು ಅವಕಾಶವಿದೆ ನಿಜ. ಆದರೆ ಅದು ಇಲ್ಲಿ ಅನ್ವಯಿಸುವುದಿಲ್ಲ. ಮೇಣದ ಉಂಡೆಯನ್ನು ಅಂಬರ್‌ಗ್ರೀಸ್ ಎಂದು ನಂಬಿಸಿ ಹಣ ಕೀಳುವವರೂ ಇದ್ದಾರೆ. 'ಕೇಜಿಗೆ ಕೋಟಿ, ಪಾಲುದಾರಿಕೆ ಮಾಡೋಣ' ಎಂದು ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಕರೆದರೆ, ಮಾಲು ಅಸಲಿಯಾದರೆ ಜೈಲು, ನಕಲಿಯಾದರೆ ಹಣ ಹೋಯಿತು. ದಡದಲ್ಲಿ ಅಂಥದ್ದೇನಾದರೂ ಕಂಡರೆ ಮನೆಗೆ ಒಯ್ಯದೆ ಅರಣ್ಯ ಇಲಾಖೆಗೆ ತಿಳಿಸುವುದೇ ಸರಿ.

ಲೇಬಲ್ ಓದುವುದು ಹೇಗೆ?

ಕೆಲವು ಪದಗಳು ಕೊಳ್ಳುವವರನ್ನು ಸುಲಭವಾಗಿ ದಾರಿ ತಪ್ಪಿಸುತ್ತವೆ.

* ಆಕ್ವಾ: ಪದಾರ್ಥಗಳ ಪಟ್ಟಿಯಲ್ಲಿ ಈ ಪದ ಇದ್ದರೆ ಅರ್ಥ ಬರೀ 'ನೀರು'. ಲ್ಯಾಟಿನ್ ಹೆಸರನ್ನು ಬಳಸುವ ಅಂತರರಾಷ್ಟ್ರೀಯ ಪದ್ಧತಿ ಅದು. ಸಮುದ್ರಕ್ಕೆ ಸಂಬಂಧವಿಲ್ಲ.
* ಅಂಬರ್: ಇದು ಅಂಬರ್‌ಗ್ರೀಸ್ ಅಲ್ಲ. ಲ್ಯಾಬ್ಡಾನಮ್ ಎಂಬ ಗಿಡದ ಅಂಟು, ವೆನಿಲ್ಲಾ ಮುಂತಾದವುಗಳಿಂದ ಕಟ್ಟುವ ಸಿಹಿಯಾದ, ಬೆಚ್ಚನೆಯ ಪರಿಮಳ.
* ಓಜೋನಿಕ್: ಬಾಟಲಿಯಲ್ಲಿ ಓಜೋನ್ ಇರುವುದಿಲ್ಲ. ಮಳೆ-ಮಿಂಚಿನ ನಂತರದ ಗಾಳಿಯ ಅನುಭವ ಕೊಡುವ ಕೃತಕ ಪದಾರ್ಥಗಳಿಗೆ ಈ ಹೆಸರು. ಕಡಲಗಾಳಿಯಲ್ಲಿ ಓಜೋನ್ ತುಂಬಿರುತ್ತದೆ, ಅದು ಆರೋಗ್ಯಕ್ಕೆ ಒಳ್ಳೆಯದು ಎಂಬುದು 19ನೇ ಶತಮಾನದ ನಂಬಿಕೆಯಷ್ಟೇ.
* ಪರ್ಫಮ್ ಅಥವಾ ಫ್ರೇಗ್ರನ್ಸ್: ಈ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರುತ್ತವೆ. ಅಲರ್ಜಿ ತರಬಲ್ಲ ಲಿಮೋನೀನ್, ಲಿನಲೂಲ್, ಸಿಟ್ರಾಲ್‌ನಂಥವನ್ನು ನಿಗದಿತ ಪ್ರಮಾಣ ಮೀರಿದರೆ ಹೆಸರಿಸಿಯೇ ಬರೆಯಬೇಕೆಂಬುದು ಯುರೋಪ್ ಒಕ್ಕೂಟದ ನಿಯಮ.
* ಬ್ಯುಟೈಲ್‌ಫಿನೈಲ್ ಮೀಥೈಲ್‌ಪ್ರೊಪಿಯೋನಾಲ್: ಲಿಲಿಯಲ್ ಎಂಬ ಪದಾರ್ಥದ ಲೇಬಲ್ ಹೆಸರು. 'ಫ್ರೆಶ್' ಪರಿಮಳಗಳಲ್ಲಿ ಬಹಳ ಬಳಕೆಯಲ್ಲಿತ್ತು. ಸಂತಾನೋತ್ಪತ್ತಿಗೆ ಹಾನಿಕರ ಎಂಬ ವರ್ಗೀಕರಣದ ನಂತರ ಯುರೋಪ್ ಒಕ್ಕೂಟ 2022ರ ಮಾರ್ಚ್‌ನಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಹಳೆಯ ಸ್ಟಾಕ್ ಕೊಳ್ಳುವಾಗ ಈ ಹೆಸರಿದೆಯೇ ಎಂದು ನೋಡಿ.

ಕೊಳ್ಳುವ ಮುನ್ನ ಇಷ್ಟು ಮಾಡಿ

1. ಕಾಗದದ ಪಟ್ಟಿಯನ್ನು ಮಾತ್ರ ನಂಬಬೇಡಿ. ಮಣಿಕಟ್ಟಿಗೆ ಹಾಕಿಕೊಂಡು ಕನಿಷ್ಠ 2 ಗಂಟೆ ಕಾಯಿರಿ. ನಿಂಬೆಯ ತಾಜಾತನ ಹೋದ ಮೇಲೆ ಉಳಿಯುವುದೇ ನೀವು ದಿನವಿಡೀ ಹೊತ್ತು ತಿರುಗುವ ಪರಿಮಳ.

2. ಹವಾಮಾನ ನೋಡಿ. ಮುಂಬೈ, ಚೆನ್ನೈಯ ಸೆಕೆಯಲ್ಲಿ ಪರಿಮಳ ಬೇಗ ಏಳುತ್ತದೆ, ಜೋರಾಗಿಯೂ ಹರಡುತ್ತದೆ. ದೆಹಲಿಯ ಚಳಿಯಲ್ಲಿ ಅದೇ ಬಾಟಲಿ ಮಂಕಾಗಿ ತೋರಬಹುದು.

3. ಎರಡು ಸ್ಪ್ರೇ ಸಾಕು. ನಮ್ಮ ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಕೊಳ್ಳುತ್ತದೆ. ನಿಮಗೆ ಗೊತ್ತಾಗುತ್ತಿಲ್ಲ ಎಂದರೆ ಪರಿಮಳ ಹೋಗಿದೆ ಎಂದಲ್ಲ. ಲೋಕಲ್ ಟ್ರೈನ್‌ನಲ್ಲಿ ಪಕ್ಕ ನಿಂತವರಿಗೆ ಅದು ಇನ್ನೂ ಬರುತ್ತಿರುತ್ತದೆ.

4. ಬಿಸಿಲಿಗೆ ಹೋಗುವ ಮುನ್ನ ಚರ್ಮಕ್ಕೆ ಬೇಡ. ಸಂಸ್ಕರಿಸದ ಬರ್ಗಮಾಟ್ ಎಣ್ಣೆಯಲ್ಲಿರುವ ಬರ್ಗಾಪ್ಟೀನ್ ಬಿಸಿಲು ತಗುಲಿದಾಗ ಚರ್ಮದ ಮೇಲೆ ಕಂದು ಕಲೆ ಮೂಡಿಸಬಲ್ಲದು. ಈಗ ಅದನ್ನು ತೆಗೆದ ಎಣ್ಣೆ ಬಳಸುವುದೇ ಹೆಚ್ಚು, ಆದರೂ ಬಟ್ಟೆಗೆ ಹಾಕಿಕೊಳ್ಳುವುದು ಕ್ಷೇಮ.

5. ಅಲರ್ಜಿ ಇದ್ದವರು ಮೊದಲು ಪರೀಕ್ಷಿಸಿ. ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಉರಿ, ಕೆಂಪು ಕಂಡರೆ ಬಿಡಿ. 'ನ್ಯಾಚುರಲ್' ಎಂದಾಕ್ಷಣ ಅಲರ್ಜಿ ಆಗುವುದಿಲ್ಲ ಎಂದು ತಿಳಿಯಬೇಡಿ.

ಕೊನೆಗೆ, ಇದು ಯಾರ ಕಡಲು?

ಬಾಟಲಿಯ ಸಮುದ್ರದಲ್ಲಿ ಜನರಿಲ್ಲ. ಅಲ್ಲಿರುವುದು ಖಾಲಿ ತೀರ, ಬಿಳಿ ಮರಳು, ರಜೆಯ ದಿನ. ಅದನ್ನು ಮೊದಲು ಕಲ್ಪಿಸಿಕೊಂಡದ್ದು ಯುರೋಪ್, ಅಮೆರಿಕದ ಪೇಟೆಗಳು.

ಮಲ್ಪೆಯ ಬಂದರು, ಮಂಗಳೂರಿನ ದಕ್ಕೆ, ಮುಂಬೈಯ ಸಸೂನ್ ಡಾಕ್, ಚೆನ್ನೈಯ ಕಾಸಿಮೇಡು ಗೊತ್ತಿರುವವರಿಗೆ ಕಡಲೆಂದರೆ ಬೇರೆ. ಡೀಸೆಲ್, ಐಸ್, ಒದ್ದೆ ಬಲೆ, ಬಿಸಿಲಿಗೆ ಹರಡಿದ ಒಣಮೀನು, ಮಳೆಗಾಲದ ಮೊದಲ ವಾರದ ಕೆಸರು. ಆ ವಾಸನೆಯಲ್ಲಿ ಲಕ್ಷಾಂತರ ಜನರ ದುಡಿಮೆ ಇದೆ.

ವಿಜ್ಞಾನದ ಲೆಕ್ಕದಲ್ಲಿ ಎರಡೂ ತೀರಾ ದೂರದವಲ್ಲ. ಕ್ಯಾಲೋನ್ ನೆನಪಿಸುವುದು ಸಿಂಪಿಯನ್ನು, ಕರಬೂಜದ ಘಮ ತಾಜಾ ಮೀನಿನಲ್ಲೂ ಇದೆ, ಅಂಬರ್‌ಗ್ರೀಸ್ ಶುರುವಾಗುವುದೇ ನಾತದಿಂದ. ಆದರೂ ಒಂದನ್ನು ಸಾವಿರಾರು ರೂಪಾಯಿ ಕೊಟ್ಟು ಕುತ್ತಿಗೆಗೆ ಹಾಕಿಕೊಳ್ಳುತ್ತೇವೆ. ಇನ್ನೊಂದು ಅಡುಗೆಮನೆಯಿಂದ ಬಂದರೆ ಪಕ್ಕದ ಫ್ಲ್ಯಾಟಿನವರು ಕಿಟಕಿ ಮುಚ್ಚುತ್ತಾರೆ, 'ಮೀನು ಮಾಡುವವರಿಗೆ ಮನೆ ಕೊಡುವುದಿಲ್ಲ' ಎನ್ನುವ ಮಾಲೀಕರೂ ಸಿಗುತ್ತಾರೆ. ಯಾವುದು ಪರಿಮಳ, ಯಾವುದು ನಾತ ಎಂಬುದನ್ನು ಮೂಗಿನಷ್ಟೇ ಅಭ್ಯಾಸ, ಜಾಹೀರಾತು, ಅಂತಸ್ತುಗಳೂ ತೀರ್ಮಾನಿಸುತ್ತವೆ.

ಇಷ್ಟವಾದರೆ ನೀಲಿ ಬಾಟಲಿ ಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಅದು ಮನುಷ್ಯ ಮಾಡಿದ ಒಂದು ಜಾಣ ಕಲ್ಪನೆ ಎಂದು ತಿಳಿದು ಕೊಂಡರೆ ಸಾಕು. ಅಸಲಿ ಕಡಲ ವಾಸನೆ ಬೇಕೆಂದರೆ ಅದಕ್ಕೆ ದುಡ್ಡು ಬೇಡ. ಬೆಳಗ್ಗೆ ದೋಣಿಗಳು ಮರಳುವ ಹೊತ್ತಿಗೆ ಹತ್ತಿರದ ಬಂದರಿಗೆ ಹೋದರಾಯಿತು.